ಹಿಟ್ಟಿನ ಕೋಳಿ ಕಡದ್ರೂ ಪಾಪ ಏನು?

ಹಿಟ್ಟು ನಾದೂದು ನಮಗೇನು ಹೊಸಾದಲ್ಲ. ಆದ್ರ ಆ ಹಿಟ್ಟಿನ ಮ್ಯಾಲೆ ಎಂಥಾ ವಾದ ನಡದದ ನೋಡ್ರಿ.

ಹೊಯ್ಸಳರ ಕಾಲದ ಜನ್ನ ಕವಿ 1209ರಾಗ ಬರೆದ ಯಶೋಧರ ಚರಿತೆಯೊಳಗ, ಕೆಟ್ಟ ಕನಸಿನ ಶಾಂತಿಗೆ ಬಲಿ ಕೊಡು ಅಂತಾಳ ತಾಯಿ ಚಂದ್ರಮತಿ. ರಾಜಾ ಯಶೋಧರ ಜೀವ ತಗಿಯೂದು ಒಲ್ಲೆ ಅಂತಾನ. ಕಡೀಕ ಹಿಟ್ಟಿನ ಕೋಳಿ ಮಾಡಿ ಕಡೀತಾರ. ಕಡದ ಕೂಡ್ಲೆ ಅದು ಕೂಗ್ತದ! ಅಷ್ಟಕ್ಕ ಮಗ ನವಿಲಾಗಿ, ತಾಯಿ ನಾಯಿಯಾಗಿ, ಮುಂದೂ ಪ್ರಾಣಿಜನ್ಮ ಸುತ್ತಬೇಕಾತು. ಕೊಲ್ಲೋ ಮನಸೇ ಕೊಲೆ. ಜೈನರು ಇದಕ್ಕ ಸಂಕಲ್ಪಹಿಂಸೆ ಅಂತಾರ.

ಮಾಧ್ವ ಪರಂಪರೆಯೊಳಗ ಯಜ್ಞಕ್ಕ ಹಿಟ್ಟಿನ ಪಶು ನಡೀತದ, ಪಿಷ್ಟಪಶು ಅಂತ ಅದರ ಹೆಸರು. ಖರೇ ಆಡು ಉಳೀತಲ್ಲ, ಅದೇನು ಸಣ್ಣ ಮಾತಲ್ಲ.

ಇತ್ತ ಇಂಗ್ಲೆಂಡಿನ ಬೆಂಥಾಮ್ 1789ರ ಪುಸ್ತಕದಾಗ, ಪ್ರಾಣಿಗೆ ಬುದ್ಧಿ ಅದನೋ ಇಲ್ಲೋ ಅನ್ನೂದಕ್ಕಿಂತ ಅದಕ್ಕ ನೋವು ಆಗ್ತದೇನು ಅಂತ ಕೇಳ್ರಿ ಅಂದ. ಆ ಲೆಕ್ಕಕ್ಕ ಹಿಟ್ಟಿಗೆ ನೋವಿಲ್ಲ.

ನನಗ ಎರಡೂ ಬೇಕು ಅನಸ್ತದ. ನೋವಷ್ಟ ನೋಡಿದ್ರ, ಕಡಿಯೋ ಕೈಗೆ ರೂಢಿ ಬೀಳೂದು ಕಾಣಂಗಿಲ್ಲ. ಮನಸಷ್ಟ ನೋಡಿದ್ರ, ನಮ್ಮ ಪಾಪ ಎಣಿಸ್ಕೋತ ಕೂಡ್ತೀವಿ, ಕೋಳೀನ ಮರತು ಹೋಗ್ತದ.