ರಾತ್ರಿ ವಿಡಿಯೋದ ಚುಕ್ಕೆ ಒರೆಸಲು ಲ್ಯಾಪ್‌ಟಾಪ್ ಪಟ್ಟ ಪಾಡು

ರಾತ್ರಿ ಬಯಲಾಟವನ್ನೋ, ಜಾತ್ರೆಯ ತೇರನ್ನೋ ಮೊಬೈಲಿನಲ್ಲಿ ತೆಗೆದವರು ನೋಡಿರುತ್ತೀರಿ. ದೀಪ ಬಿದ್ದ ಕಡೆ ಚಿತ್ರ ಚೆನ್ನಾಗಿರುತ್ತದೆ. ಕತ್ತಲಿರುವ ಕಡೆ ಮಾತ್ರ ಇರುವೆ ಹರಿದಾಡಿದ ಹಾಗೆ ಚುಕ್ಕೆಗಳು ಕುಣಿಯುತ್ತಿರುತ್ತವೆ. ಎಡಿಟಿಂಗ್ ಮಾಡುವವರು ಇದನ್ನು ‘ನಾಯ್ಸ್’ ಅಥವಾ ‘ಗ್ರೇನ್ಸ್’ ಎನ್ನುತ್ತಾರೆ. ಬೆಳಕು ಕಡಿಮೆ ಇದ್ದಾಗ ಕ್ಯಾಮೆರಾ ತನಗೆ ಸಿಕ್ಕಷ್ಟು ಸಿಗ್ನಲನ್ನೇ ಹಿಗ್ಗಿಸುತ್ತದೆ. ಆಗ ಚಿತ್ರದ ಜೊತೆ ಅದರೊಳಗಿನ ಏರುಪೇರೂ ಹಿಗ್ಗುತ್ತದೆ.

ಈ ಚುಕ್ಕೆ ಒರೆಸುವುದು ವಿಡಿಯೋ ಎಡಿಟಿಂಗಿನ ಅತಿ ಭಾರದ ಕೆಲಸಗಳಲ್ಲಿ ಒಂದು. “ಹೊಸ ಜನರೇಶನ್ ತಗೊಳ್ಳಿ, ಎಲ್ಲ ಸಲೀಸಾಗುತ್ತೆ” ಎಂಬ ಮಾತು ಅಂಗಡಿಯಲ್ಲಿ ಕೇಳುತ್ತದೆ. ಸಾಲ ಮಾಡಿ ಲ್ಯಾಪ್‌ಟಾಪ್ ತರುವ ಮುಂಚೆ ಈ ಇತಿಹಾಸವನ್ನು ಒಮ್ಮೆ ನೋಡುವುದು ಒಳ್ಳೆಯದು.

ಒರೆಸುವ ಎರಡು ದಾರಿ

ಮೊದಲನೆಯದು, ಒಂದೇ ಚಿತ್ರದೊಳಗೆ ಅಕ್ಕಪಕ್ಕದ ಚುಕ್ಕೆಗಳ ಸರಾಸರಿ ತೆಗೆಯುವುದು. ಸುಲಭ, ಆದರೆ ಮುಖ ಮೇಣ ಬಳಿದಂತಾಗುತ್ತದೆ. ಎರಡನೆಯದು, ಹಿಂದಿನ ಮತ್ತು ಮುಂದಿನ ಫ್ರೇಮುಗಳನ್ನು ಸೇರಿಸಿ ಸರಾಸರಿ ತೆಗೆಯುವುದು. ಗೋಡೆ ಇದ್ದಲ್ಲೇ ಇರುತ್ತದೆ, ನಾಯ್ಸ್ ಮಾತ್ರ ಪ್ರತಿ ಫ್ರೇಮಿನಲ್ಲೂ ಬದಲಾಗುತ್ತದೆ. ಹಾಗಾಗಿ 4 ಫ್ರೇಮು ಸೇರಿಸಿದರೆ ನಾಯ್ಸ್ ಅರ್ಧಕ್ಕೆ ಇಳಿಯುತ್ತದೆ. ಕಾಲುಭಾಗಕ್ಕೆ ಇಳಿಯಬೇಕಾದರೆ 16 ಫ್ರೇಮು ಬೇಕು.

ತೊಡಕು ಇರುವುದು ಚಲನೆಯಲ್ಲಿ. ಸುಮ್ಮನೆ ಸರಾಸರಿ ತೆಗೆದರೆ ಚೆಂಡೆ ಬಾರಿಸುವವರ ಒಂದು ಕೈ ನಾಲ್ಕಾಗಿ ಕಾಣುತ್ತದೆ. ಅದಕ್ಕೇ ಚಿತ್ರದ ಪ್ರತಿ ತುಂಡೂ ಎಲ್ಲಿಂದ ಎಲ್ಲಿಗೆ ಸರಿಯಿತು ಎಂದು ಮೊದಲು ಹುಡುಕಬೇಕು. ಚಿಪ್ಪಿನ ಬೆವರಿಳಿಸುವುದು ಈ ಹುಡುಕಾಟ.

ಲೆಕ್ಕ ನೋಡಿ. ಹಳೆಯ ಪಾಲ್ ಟಿ.ವಿ. ಚಿತ್ರ 720×576, ಅಂದರೆ ಸುಮಾರು 4.15 ಲಕ್ಷ ಚುಕ್ಕೆ. ಫುಲ್ ಎಚ್‌ಡಿ ಚಿತ್ರದಲ್ಲಿ ಸುಮಾರು 20.7 ಲಕ್ಷ. 4ಕೆ ಚಿತ್ರದಲ್ಲಿ ಸುಮಾರು 83 ಲಕ್ಷ. ಸೆಕೆಂಡಿಗೆ 25 ಫ್ರೇಮು ಎಂದರೆ 4ಕೆಯಲ್ಲಿ ಸೆಕೆಂಡಿಗೆ 20 ಕೋಟಿಗೂ ಹೆಚ್ಚು ಚುಕ್ಕೆ.

ಕೂರಿಗೆ ಬಂದ ಕಾಲ

ಒಂದೊಂದೇ ಸಾಲು ಬಿತ್ತುವ ಬದಲು ಕೂರಿಗೆಯಲ್ಲಿ ಒಂದೇ ಸಲ ಹಲವು ಸಾಲು ಬಿತ್ತುತ್ತೇವಲ್ಲ, ಚಿಪ್ಪಿನಲ್ಲೂ ಅಂಥದ್ದೇ ಬದಲಾವಣೆ ಆಯಿತು. 1997ರಲ್ಲಿ ಇಂಟೆಲ್ ಪೆಂಟಿಯಮ್ಮಿಗೆ ‘ಎಂಎಂಎಕ್ಸ್’ ಸೇರಿಸಿತು. ಒಂದೇ ಆದೇಶಕ್ಕೆ 8 ಚುಕ್ಕೆಗಳ ಲೆಕ್ಕ. 2000ದಲ್ಲಿ ಪೆಂಟಿಯಮ್ 4 ಜೊತೆ ಬಂದ ಎಸ್‌ಎಸ್‌ಇ2ರಲ್ಲಿ ಅದು 16 ಆಯಿತು. 2013ರ ಹ್ಯಾಸ್‌ವೆಲ್ ಚಿಪ್ಪಿನ ಎವಿಎಕ್ಸ್2ರಲ್ಲಿ 32 ಆಯಿತು.

ಇನ್ನೊಂದು ದಾರಿ ಆಳುಗಳನ್ನು ಹೆಚ್ಚಿಸುವುದು. 2006ರ ಕೋರ್ ಡ್ಯುಯೋ ಲ್ಯಾಪ್‌ಟಾಪಿಗೆ ಎರಡು ಕೋರ್ ತಂದಿತು. ಆದರೆ ತೆಳ್ಳನೆಯ ಲ್ಯಾಪ್‌ಟಾಪುಗಳ ಇಂಟೆಲ್ ಚಿಪ್ಪು 7ನೇ ಜನರೇಶನ್ ತನಕ ಎರಡೇ ಕೋರಿನಲ್ಲಿ ನಿಂತಿತ್ತು. ಹೊರಗೆ ‘ಐ7’ ಸ್ಟಿಕರ್ ಇದ್ದರೂ ಒಳಗೆ ಎರಡೇ! ನಾಲ್ಕು ಕೋರ್ ಬಂದದ್ದು 2017ರ 8ನೇ ಜನರೇಶನ್ನಿನಲ್ಲಿ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಈ ಒಂದು ವರ್ಷವನ್ನು ನೆನಪಿಟ್ಟರೆ ಸಾಕು, ದುಡ್ಡು ಉಳಿಯುತ್ತದೆ.

ಈ ನಡುವೆ ಗಣಿತಜ್ಞರು ಚಿಪ್ಪಿಗಿಂತ ಮುಂದೆ ಓಡಿದ್ದರು. 2005ರಲ್ಲಿ ಬುವಾದೆಸ್, ಕೊಲ್, ಮೊರೆಲ್ ಎಂಬ ಮೂವರು ‘ನಾನ್-ಲೋಕಲ್ ಮೀನ್ಸ್’ ವಿಧಾನ ಮುಂದಿಟ್ಟರು. ಪಕ್ಕದ ಚುಕ್ಕೆಯನ್ನಷ್ಟೇ ನೋಡದೆ, ಚಿತ್ರದ ಬೇರೆ ಕಡೆ ಇದೇ ತರಹದ ತುಂಡು ಎಲ್ಲಿದೆ ಎಂದು ಹುಡುಕಿ ಸರಾಸರಿ ತೆಗೆಯುವ ವಿಧಾನ ಅದು. 2007ರಲ್ಲಿ ಫಿನ್‌ಲೆಂಡಿನ ತಾಂಪೆರೆಯ ಸಂಶೋಧಕರ ‘ಬಿಎಂ3ಡಿ’ ಇನ್ನೂ ಚೆನ್ನಾಗಿ ಒರೆಸಿತು. ಆದರೆ ಅಂದಿನ ಲ್ಯಾಪ್‌ಟಾಪಿಗೆ ಇವು ಎತ್ತಲಾರದ ಹೊರೆ.

ಆಟದ ಚಿಪ್ಪು ಕೆಲಸಕ್ಕೆ ಬಂತು

ಹೊರೆ ಹೊತ್ತದ್ದು ವಿಡಿಯೋ ಗೇಮಿಗಾಗಿ ಹುಟ್ಟಿದ ಗ್ರಾಫಿಕ್ಸ್ ಚಿಪ್ಪು. ಇದರಲ್ಲಿ ನೂರಾರು ಸಣ್ಣ ಕೋರುಗಳಿರುತ್ತವೆ. 2007ರಲ್ಲಿ ಎನ್ವಿಡಿಯಾ ಕಂಪನಿಯ ‘ಕುಡಾ’ ಬಂದ ಮೇಲೆ ಅವನ್ನು ಬೇರೆ ಲೆಕ್ಕಗಳಿಗೂ ಬಳಸುವುದು ಸುಲಭವಾಯಿತು. 2009ರಲ್ಲಿ ಬ್ಲ್ಯಾಕ್‌ಮ್ಯಾಜಿಕ್ ಕಂಪನಿ ಡಾ ವಿಂಚಿ ಸಿಸ್ಟಮ್ಸ್ ಅನ್ನು ಕೊಂಡಿತು. ದೊಡ್ಡ ಸ್ಟುಡಿಯೋಗಳಿಗಷ್ಟೇ ಎಟುಕುತ್ತಿದ್ದ ‘ರಿಸಾಲ್ವ್’ 2010ರಲ್ಲಿ 995 ಡಾಲರಿಗೆ ಮ್ಯಾಕ್ ಕಂಪ್ಯೂಟರಿಗೆ ಬಂತು. ಮುಂದೆ ಉಚಿತ ಆವೃತ್ತಿಯೂ ಸಿಕ್ಕಿತು. ಆದರೆ ಅದರ ಮುಖ್ಯ ನಾಯ್ಸ್ ರಿಡಕ್ಷನ್ ಇರುವುದು ದುಡ್ಡು ಕೊಟ್ಟು ಕೊಳ್ಳುವ ಸ್ಟುಡಿಯೋ ಆವೃತ್ತಿಯಲ್ಲಿ. ಎಂಥ ಚಿಪ್ ತಂದರೂ ಈ ಬಾಗಿಲು ತೆರೆಯುವುದಿಲ್ಲ.

ಇನ್ನೊಂದು ಗೊಂದಲವಿದೆ. 2011ರ ಸ್ಯಾಂಡಿ ಬ್ರಿಡ್ಜ್ ಚಿಪ್ಪಿನಲ್ಲಿ ಇಂಟೆಲ್ ‘ಕ್ವಿಕ್ ಸಿಂಕ್’ ತಂದಿತು. ಇದು ವಿಡಿಯೋ ಫೈಲನ್ನು ಬಿಚ್ಚಿ ಕಟ್ಟುವ ಕೆಲಸ ಬೇಗ ಮಾಡುತ್ತದೆ. ಚುಕ್ಕೆ ಒರೆಸುವ ಲೆಕ್ಕ ಬೇರೆಯೇ. ಎಕ್ಸ್‌ಪೋರ್ಟ್ ಬೇಗ ಆಗುವ ಲ್ಯಾಪ್‌ಟಾಪು ನಾಯ್ಸ್ ತೆಗೆಯುವಾಗ ಕುಂಟುವುದು ಇದರಿಂದಲೇ.

ಕಾಲುವೆಯ ಅಗಲ

4ಕೆಯ ಒಂದು ಫ್ರೇಮನ್ನು ಲೆಕ್ಕಕ್ಕಾಗಿ ಬಿಚ್ಚಿಟ್ಟರೆ, ಒಂದೊಂದು ಬಣ್ಣಕ್ಕೆ 4 ಬೈಟಿನಂತೆ ಸುಮಾರು 100 ಎಂಬಿ ಆಗುತ್ತದೆ. 5 ಫ್ರೇಮನ್ನು ಒಟ್ಟಿಗೆ ನೋಡುತ್ತಾ ಸೆಕೆಂಡಿಗೆ 25 ಫ್ರೇಮು ಮುಗಿಸಬೇಕಾದರೆ, ಒಂದು ಸಲ ಓದುವುದಕ್ಕೇ ಸೆಕೆಂಡಿಗೆ 12 ಜಿಬಿಗೂ ಮೇಲೆ ಹರಿಯಬೇಕು. ಹುಡುಕಾಟದಲ್ಲಿ ಇದನ್ನು ಮತ್ತೆ ಮತ್ತೆ ಓದಬೇಕಾಗುತ್ತದೆ. ಪಂಪ್ ಎಷ್ಟೇ ಜೋರಿದ್ದರೂ ಕಾಲುವೆ ಕಿರಿದಾದರೆ ಗದ್ದೆಗೆ ನೀರು ಬೇಗ ಬರುವುದಿಲ್ಲ.

2020ರ ನವೆಂಬರಿನಲ್ಲಿ ಬಂದ ಆಪಲ್‌ನ ಎಂ1 ಚಿಪ್ಪಿನಲ್ಲಿ ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಎರಡಕ್ಕೂ ಒಂದೇ ಮೆಮೊರಿ. ಹರಿವು ಸೆಕೆಂಡಿಗೆ ಸುಮಾರು 68 ಜಿಬಿ. 2022ರ ಎಂ2 ಮತ್ತು 2023ರ ಎಂ3ರಲ್ಲಿ 100, 2024ರ ಎಂ4ರಲ್ಲಿ 120. ಆದರೆ ಎಂ1 ಪ್ರೊ ಮತ್ತು ಎಂ2 ಪ್ರೊದಲ್ಲಿ 200 ಇದ್ದದ್ದು ಎಂ3 ಪ್ರೊದಲ್ಲಿ 150ಕ್ಕೆ ಇಳಿಯಿತು. ಎಂ4 ಪ್ರೊದಲ್ಲಿ ಮತ್ತೆ 273ಕ್ಕೆ ಏರಿತು. ವೇಗವನ್ನು ಹರಿವೊಂದೇ ತೀರ್ಮಾನಿಸುವುದಿಲ್ಲ, ನಿಜ. ಆದರೆ ಹೆಸರಿನ ಅಂಕಿ ಏರಿದ ಕೂಡಲೇ ಎಲ್ಲವೂ ಏರುವುದಿಲ್ಲ ಎನ್ನುವುದಕ್ಕೆ ಇದೇ ಸಾಕ್ಷಿ.

ಈಗ ಊಹೆಯ ಕಾಲ

2023ರ ಡಿಸೆಂಬರಿನ ಇಂಟೆಲ್ ಕೋರ್ ಅಲ್ಟ್ರಾ ಚಿಪ್ಪಿನಲ್ಲಿ ಎಐ ಲೆಕ್ಕಕ್ಕೇ ಪ್ರತ್ಯೇಕ ಭಾಗ ಬಂತು. ಎಂ1ರಲ್ಲಿ ಅಂಥದ್ದು ಮೊದಲೇ ಇತ್ತು. 2024ರಲ್ಲಿ ರಿಸಾಲ್ವ್ ಕೂಡ ಎಐ ಆಧಾರದ ನಾಯ್ಸ್ ರಿಡಕ್ಷನ್ ಸೇರಿಸಿತು.

ಇಲ್ಲಿ ವರದಿ ಮಾಡುವವರು ಎಚ್ಚರದಿಂದಿರಬೇಕು. ಹಳೆಯ ವಿಧಾನ ಹೆಚ್ಚೆಂದರೆ ಮಸುಕು ಮಾಡುತ್ತಿತ್ತು. ಎಐ ವಿಧಾನ ತಾನು ಕಲಿತದ್ದರ ಮೇಲೆ ಊಹೆ ಮಾಡುತ್ತದೆ. ರಾತ್ರಿ ಮರಳು ಸಾಗಿಸುವ ಲಾರಿಯ ನಂಬರ್ ಪ್ಲೇಟಿನಲ್ಲಿ 3 ಇದ್ದದ್ದು 8 ಆಗಿ ಕಂಡರೆ, ಸಿಕ್ಕಿಬೀಳುವುದು ಯಾರೋ ಬೇರೆಯವರು. ಬಯಲಾಟದ ವಿಡಿಯೋವನ್ನು ಎಷ್ಟು ಬೇಕಾದರೂ ತಿದ್ದಿ. ಸಾಕ್ಷಿಯಾಗಬಲ್ಲ ವಿಡಿಯೋದ ಮೂಲ ಫೈಲನ್ನು ಮಾತ್ರ ಚುಕ್ಕೆ ಸಮೇತ ಹಾಗೇ ಎತ್ತಿಡಿ. ಅದನ್ನು ವಾಟ್ಸಾಪಿನಲ್ಲಿ ಕಳಿಸಿ ಕುಗ್ಗಿಸಬೇಡಿ. ಹೊಸ ಚಿಪ್ಪು ಮುಂದಿನ ವರ್ಷವೂ ಬರುತ್ತದೆ, ಆ ರಾತ್ರಿ ಮತ್ತೆ ಬರುವುದಿಲ್ಲ.