ಸೈಕಲ್ ಕಂಪ್ಯೂಟರ್: ಹೊಸ ಮಾದರಿಯೋ, ಹಳೆಯದೋ?

ಬೆಂಗಳೂರಿನಿಂದ ಹಿರಿಯೂರು ಮಾರ್ಗವಾಗಿ ಚಳ್ಳಕೆರೆಗೆ ಸುಮಾರು 200 ಕಿ.ಮೀ. ಅಲ್ಲಿಂದ ತಳಕು, ಬಿ.ಜಿ. ಕೆರೆ, ಹಾನಗಲ್ ದಾಟಿ ಮೊಳಕಾಲ್ಮುರು ಸೇರಲು ಇನ್ನೂ ಸುಮಾರು 50 ಕಿ.ಮೀ. ಅಶೋಕನ ಶಾಸನಗಳಿರುವ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳನ್ನು ಕಾಣಲು ಸೈಕಲ್ ಏರುವವರಿಗೆ ಇದು ನೆರಳು ವಿರಳವಾದ ಬಯಲುಸೀಮೆಯ ಹಾದಿ. ಇಂಥ ದೂರಪ್ರಯಾಣಕ್ಕೆ ಹ್ಯಾಂಡಲಿನ ಮೇಲೆ ಕೂರುವ ಪುಟ್ಟ ಸೈಕಲ್ ಕಂಪ್ಯೂಟರ್ ದೂರ, ವೇಗ, ಏರು, ದಾರಿ ಎಲ್ಲವನ್ನೂ ತೋರಿಸುತ್ತದೆ. ಆದರೆ ಕೊಳ್ಳುವಾಗ ಏಳುವ ಪ್ರಶ್ನೆ ಒಂದೇ: ಹೊಸ ಮಾದರಿಗೆ ಹೆಚ್ಚು ಹಣ ತೆರಬೇಕೆ, ಹಳೆಯದೇ ಸಾಕೆ?

ಮೂರು ತಲೆಮಾರು

ಹೆಚ್ಚು ಬಳಕೆಯಲ್ಲಿರುವ ಗಾರ್ಮಿನ್ ಎಡ್ಜ್ ಶ್ರೇಣಿಯನ್ನೇ ಉದಾಹರಣೆಯಾಗಿ ನೋಡಬಹುದು. ಎಡ್ಜ್ 530 ಬಂದದ್ದು 2019ರಲ್ಲಿ, 540 ಬಂದದ್ದು 2023ರಲ್ಲಿ, 550 ಬಂದದ್ದು 2025ರಲ್ಲಿ. ಮೂರೂ ಗುಂಡಿಗಳಿಂದ ನಡೆಯುವ ಸಾಧನಗಳು. ಉಪಗ್ರಹಗಳ ಸಂಕೇತ ಹಿಡಿಯಲು ಯಾವುದಕ್ಕೂ ಇಂಟರ್‌ನೆಟ್ ಬೇಡ. ಹೃದಯ ಬಡಿತದ ಪಟ್ಟಿ, ಚಕ್ರದ ಸೆನ್ಸರ್, ಹಿಂದಿನಿಂದ ಬರುವ ವಾಹನದ ಸುಳಿವು ನೀಡುವ ರಾಡಾರ್ ದೀಪಗಳು ಹಳೆಯ 530ಕ್ಕೂ ಹೊಂದಿಕೊಳ್ಳುತ್ತವೆ.

540ರ ಮುಖ್ಯ ಹೆಚ್ಚಳವೆಂದರೆ ಬಹು ತರಂಗಾಂತರದ ಉಪಗ್ರಹ ಸಂಕೇತ ಗ್ರಹಣ. ಎತ್ತರದ ಕಟ್ಟಡಗಳ ನಡುವೆ, ದಟ್ಟ ಕಾಡಿನಲ್ಲಿ, ಆಳ ಕಣಿವೆಗಳಲ್ಲಿ ಸಂಕೇತ ತಡೆಯುಂಟಾಗಿ ಅಥವಾ ಪ್ರತಿಫಲಿಸಿ ದಾರಿಯ ಗೆರೆ ಅಡ್ಡಾದಿಡ್ಡಿಯಾಗುತ್ತದೆ. ಅದನ್ನು ಇದು ಬಹುಮಟ್ಟಿಗೆ ಸರಿಪಡಿಸುತ್ತದೆ. ಮಲೆನಾಡಿನ ಘಾಟಿಗಳಲ್ಲಿ ಸುತ್ತುವವರಿಗೆ ಇದರ ಬೆಲೆ ತಿಳಿದೀತು. ಆಕಾಶವೇ ತೆರೆದು ನಿಂತಿರುವ ಚಳ್ಳಕೆರೆಯ ಬಯಲಿನಲ್ಲಿ ಹಳೆಯದರ ಲೆಕ್ಕವೂ ಸಾಕಷ್ಟು ನಿಖರ.

ಬ್ಯಾಟರಿಯೇ ನಿರ್ಣಾಯಕ

ಕಂಪನಿಯ ಲೆಕ್ಕದಂತೆ 530ರ ಬ್ಯಾಟರಿ ಗರಿಷ್ಠ 20 ಗಂಟೆ ಬಾಳುತ್ತದೆ. ಎಲ್ಲ ಸೌಲಭ್ಯಗಳನ್ನೂ ಬಳಸಿದರೆ 540 ಬಾಳುವುದು 26 ಗಂಟೆ. 550 ಬಾಳುವುದು 12 ಗಂಟೆ ಮಾತ್ರ. ಬ್ಯಾಟರಿ ಉಳಿತಾಯದ ಕ್ರಮದಲ್ಲಿ ಈ ಅವಧಿ ಕ್ರಮವಾಗಿ 42 ಮತ್ತು 36 ಗಂಟೆಗೆ ಏರುತ್ತದೆ. 550ರ ಹೆಚ್ಚು ಪ್ರಕಾಶಮಾನವಾದ, ಸ್ಫುಟವಾದ ಪರದೆ ಹೆಚ್ಚು ವಿದ್ಯುತ್ ಬೇಡುತ್ತದೆ. ಹಳೆಯ ಎರಡರ ಪರದೆಗಳು ಸೂರ್ಯನ ಬೆಳಕನ್ನೇ ಪ್ರತಿಫಲಿಸಿ ಬಿಸಿಲಿನಲ್ಲಿ ಸ್ಪಷ್ಟವಾಗಿ ಕಾಣುತ್ತವೆ.

ದೂರಪ್ರಯಾಣದ ಬ್ರೆವೆಗಳಲ್ಲಿ 200 ಕಿ.ಮೀ.ಗೆ ಹದಿಮೂರೂವರೆ ಗಂಟೆ, 300 ಕಿ.ಮೀ.ಗೆ 20 ಗಂಟೆ, 400 ಕಿ.ಮೀ.ಗೆ 27 ಗಂಟೆ, 600 ಕಿ.ಮೀ.ಗೆ 40 ಗಂಟೆ ಕಾಲಮಿತಿ ಇರುತ್ತದೆ. ಬೆಳಗಿನ ಜಾವ ಬೆಂಗಳೂರು ಬಿಟ್ಟ ಸವಾರ ಊಟ, ವಿಶ್ರಾಂತಿ ಸೇರಿ ಚಳ್ಳಕೆರೆ ತಲುಪುವ ವೇಳೆಗೆ ಹನ್ನೆರಡು ಗಂಟೆ ಕಳೆದಿರುತ್ತದೆ. ಆಗ ದಾರಿ ತೋರುವ ಪರದೆ ಆರಿದರೆ, ಮೊಳಕಾಲ್ಮುರಿನ ತಿರುವು ಹುಡುಕಬೇಕಾದ ಹೊತ್ತು ಕತ್ತಲೆಯದು. ಅತ್ಯಂತ ಹೊಸದೇ ಅತ್ಯಂತ ಹೆಚ್ಚು ಬಾಳುತ್ತದೆ ಎಂಬ ನಂಬಿಕೆ ಇಲ್ಲಿ ಕೈಕೊಡುತ್ತದೆ.

ಪವರ್ ಬ್ಯಾಂಕ್ ಇದಕ್ಕೆ ಪರಿಹಾರ, ನಿಜ. ಆದರೆ 45 ಡಿಗ್ರಿ ಸೆಲ್ಸಿಯಸ್ ಮೀರಿದ ಬಿಸಿಯಲ್ಲಿ ಇಂಥ ಬ್ಯಾಟರಿಗಳನ್ನು ಚಾರ್ಜ್ ಮಾಡಬಾರದು. ಬೇಸಿಗೆಯ ನಡುಹಗಲಿನಲ್ಲಿ ಬಿಸಿಲಿಗೊಡ್ಡಿದ ಸಾಧನ ಗಾಳಿಯ ಉಷ್ಣತೆಗಿಂತಲೂ ಹೆಚ್ಚು ಕಾಯುತ್ತದೆ. ನೆರಳಿನಲ್ಲಿ ನಿಂತಾಗ ಚಾರ್ಜ್ ಮಾಡುವುದೇ ಕ್ಷೇಮ.

ಹಳೆಯದನ್ನು ಕೊಳ್ಳುವಾಗ

ಬಳಸಿದ ಸಾಧನದ ಬ್ಯಾಟರಿ ವರ್ಷಗಳೊಂದಿಗೆ ಕುಗ್ಗುತ್ತದೆ. ಪೂರ್ತಿ ಚಾರ್ಜ್ ಮಾಡಿ, ನಕ್ಷೆ ತೆರೆದು, ನಾಲ್ಕು ಗಂಟೆ ಓಡಿಸಿ ನೋಡಬೇಕು. 530ರಲ್ಲಿ ಶೇ 80ರ ಆಸುಪಾಸು ಉಳಿದರೆ ಅದು ಸುಸ್ಥಿತಿಯಲ್ಲಿದೆ. ಶೇ 60ಕ್ಕೆ ಇಳಿದಿದ್ದರೆ ಒಟ್ಟು ಬಾಳಿಕೆ ಹತ್ತೇ ಗಂಟೆ. ಬೇರೆ ದೇಶದಲ್ಲಿ ಮಾರಾಟವಾದ ಸಾಧನದಲ್ಲಿ ಭಾರತದ ನಕ್ಷೆ ಇಲ್ಲದಿರಬಹುದು; ಅದನ್ನೂ ಪರೀಕ್ಷಿಸಬೇಕು. 530ಕ್ಕೆ ಮೈಕ್ರೋ ಯುಎಸ್‌ಬಿ ತಂತಿ ಬೇಕು. ನಂತರದ ಎರಡಕ್ಕೂ ಈಗಿನ ಹೆಚ್ಚಿನ ಮೊಬೈಲ್‌ಗಳ ಟೈಪ್ ಸಿ ತಂತಿಯೇ ಸಾಕು.

ಚಕ್ರದ ಮೀಟರ್ ಸಾಕೆನ್ನುವವರಿಗೆ

ಪರಿಚಿತ ದಾರಿಯಲ್ಲಿ ದೂರ, ವೇಗ ಮಾತ್ರ ತಿಳಿಯಬೇಕೆನ್ನುವವರಿಗೆ ಅಯಸ್ಕಾಂತದಿಂದ ಚಕ್ರದ ಸುತ್ತು ಎಣಿಸುವ ಅಗ್ಗದ ಮೀಟರ್ ಸಾಕು. ಟೈರಿಗೂ ನೆಲಕ್ಕೂ ಸುಣ್ಣದ ಗುರುತು ಹಾಕಿ, ಸೈಕಲನ್ನು ನೇರವಾಗಿ ಒಂದು ಸುತ್ತು ಉರುಳಿಸಿ, ಆ ಅಂತರವನ್ನು ಮಿಲಿಮೀಟರ್‌ಗಳಲ್ಲಿ ಮೀಟರಿಗೆ ತುಂಬಬೇಕು. 2,100 ಮಿ.ಮೀ. ಸುತ್ತಳತೆಯಲ್ಲಿ 21 ಮಿ.ಮೀ. ತಪ್ಪಿದರೆ ನೂರು ಕಿಲೋಮೀಟರಿಗೆ ಒಂದು ಕಿಲೋಮೀಟರ್ ವ್ಯತ್ಯಾಸವಾಗುತ್ತದೆ.

ಒಟ್ಟಿನಲ್ಲಿ, ಬಯಲುಸೀಮೆಯ ಹಗಲು ಸವಾರಿಗೆ ಬ್ಯಾಟರಿ ಗಟ್ಟಿಯಿರುವ 530 ಸಾಕು. ರಾತ್ರಿಯನ್ನೂ ದಾಟುವ ಸವಾರಿಗೆ 540 ಮೇಲು. ಸ್ಫುಟವಾದ ಪರದೆ ಬೇಕೆನಿಸಿ, ನಡುವೆ ಚಾರ್ಜ್ ಮಾಡುವ ವ್ಯವಸ್ಥೆಯೂ ಇದ್ದರೆ 550 ಆಗಬಹುದು. ಮಾದರಿಯ ವರ್ಷಕ್ಕಿಂತ ಮೊದಲು ಸವಾರಿಯ ಗಂಟೆಗಳನ್ನು ಎಣಿಸಿಕೊಳ್ಳುವುದು ಜಾಣತನ.