ಅನೇಕ ಬೆಕ್ಕುಗಳಿರುವ ಮನೆಯಲ್ಲಿ ಔಷಧೋಪಚಾರ ಮತ್ತು ಪಥ್ಯಾಹಾರ
(ಸಾಕುಪ್ರಾಣಿ ಪಾಲಕರ ಮಾಹಿತಿಗಾಗಿ)

ಒಂದೇ ಮನೆಯಲ್ಲಿ ಹಲವು ಬೆಕ್ಕುಗಳಿದ್ದು ಅವುಗಳಲ್ಲಿ ಒಂದಕ್ಕೆ ಮಾತ್ರ ದೀರ್ಘಕಾಲದ ಔಷಧ ಅಥವಾ ಪಥ್ಯಾಹಾರವನ್ನು ಸೂಚಿಸಿದಲ್ಲಿ, ಚಿಕಿತ್ಸೆಯ ಫಲವು ಔಷಧದಷ್ಟೇ ಮನೆಯ ವ್ಯವಸ್ಥೆಯನ್ನೂ ಅವಲಂಬಿಸಿರುತ್ತದೆ. ಔಷಧ ಬೆರೆಸಿದ ಬಟ್ಟಲನ್ನು ಬೇರೊಂದು ಬೆಕ್ಕು ಖಾಲಿ ಮಾಡಿದರೆ ರೋಗಿಗೆ ಔಷಧ ತಲುಪುವುದಿಲ್ಲ, ಬೇಡದ ಬೆಕ್ಕಿಗೆ ತಲುಪುತ್ತದೆ. ಬಟ್ಟಲು ಖಾಲಿಯಾಗಿರುವುದು ರೋಗಿಯೇ ತಿಂದಿತೆಂಬುದಕ್ಕೆ ಸಾಕ್ಷಿಯಲ್ಲ.

ಎಲ್ಲಾ ರೋಗಗಳಿಗೂ ಒಂದೇ ಕ್ರಮ ಅನ್ವಯಿಸುವುದಿಲ್ಲ. ಜಂತುಹುಳು, ಚಿಗಟ, ಹುಳುಕಡ್ಡಿ ಮುಂತಾದ ಹರಡುವ ತೊಂದರೆಗಳಲ್ಲಿ ಸಾಮಾನ್ಯವಾಗಿ ಮನೆಯ ಎಲ್ಲಾ ಬೆಕ್ಕುಗಳಿಗೂ, ಆಯಾ ಬೆಕ್ಕಿನ ತೂಕಕ್ಕೆ ಅನುಗುಣವಾಗಿ, ಏಕಕಾಲದಲ್ಲಿ ಚಿಕಿತ್ಸೆ ನೀಡಬೇಕಾಗುತ್ತದೆ. ಮೂತ್ರಪಿಂಡದ ಕಾಯಿಲೆ, ಮಧುಮೇಹ, ಮೂತ್ರದ ಹರಳು ಇವುಗಳಲ್ಲಿ ಚಿಕಿತ್ಸೆಯು ರೋಗಿಗೆ ಮಾತ್ರ ಸೀಮಿತವಾಗಿರತಕ್ಕದ್ದು.

ಊಟದ ಏರ್ಪಾಡು

ಬೆಕ್ಕು ಸ್ವಭಾವತಃ ಒಂಟಿಯಾಗಿ ಬೇಟೆಯಾಡಿ, ದಿನದಲ್ಲಿ ಹಲವು ಬಾರಿ ಸ್ವಲ್ಪ ಸ್ವಲ್ಪವೇ ತಿನ್ನುವ ಪ್ರಾಣಿ. ಬಟ್ಟಲುಗಳನ್ನು ಸಾಲಾಗಿ ಇಟ್ಟಾಗ ಬಲಿಷ್ಠ ಬೆಕ್ಕು ಬೇಗ ತಿಂದು ಪಕ್ಕದ ಬಟ್ಟಲಿಗೆ ಬಾಯಿ ಹಾಕುತ್ತದೆ. ಅಶಕ್ತವಾದದ್ದು ಜಗಳವಾಡದೆ ಹಿಂದೆ ಸರಿಯುತ್ತದೆ. ಆದ್ದರಿಂದ ಪಥ್ಯದಲ್ಲಿರುವ ಬೆಕ್ಕಿಗೆ ಪ್ರತ್ಯೇಕ ಕೋಣೆಯಲ್ಲಿ, ಬಾಗಿಲು ಮುಚ್ಚಿ, ನಿಗದಿತ ವೇಳೆಗೆ ಆಹಾರ ನೀಡಿ, ಇಪ್ಪತ್ತರಿಂದ ಮೂವತ್ತು ನಿಮಿಷಗಳ ನಂತರ ಉಳಿದದ್ದನ್ನು ತೆಗೆದಿಡುವುದು ಸೂಕ್ತ. ಒಂದೇ ಕೋಣೆಯ ಮನೆಗಳಲ್ಲಿ ಬೇರೆ ಉಪಾಯಗಳಿವೆ. ಮರಿಗಳ ಆಹಾರವನ್ನು ಮುದಿ ಬೆಕ್ಕು ಹಾರಲಾರದ ಎತ್ತರದಲ್ಲಿ ಇಡಬಹುದು. ಸ್ಥೂಲಕಾಯದ ಬೆಕ್ಕು ನುಸುಳಲಾರದಷ್ಟು ಕಿಂಡಿ ಕೊರೆದ ರಟ್ಟಿನ ಪೆಟ್ಟಿಗೆಯೊಳಗೆ ಸಣ್ಣ ಬೆಕ್ಕಿನ ಬಟ್ಟಲನ್ನು ಇರಿಸಬಹುದು. ಕುಡಿಯುವ ನೀರನ್ನು ಮಾತ್ರ ನಾಲ್ಕಾರು ಕಡೆ ಇಡತಕ್ಕದ್ದು.

ಮೂತ್ರಪಿಂಡದ ಕಾಯಿಲೆಗೆ ಸೂಚಿಸುವ ಆಹಾರದಲ್ಲಿ ರಂಜಕ ಹಾಗೂ ಪ್ರೋಟೀನಿನ ಅಂಶ ಕಡಿಮೆಯಿರುತ್ತದೆ. ಒಂದು ಬೆಕ್ಕಿಗೆ ತಂದದ್ದನ್ನು ಎಲ್ಲಕ್ಕೂ ಹಾಕುವುದು ಸುಲಭವೆಂದು ತೋರಬಹುದಾದರೂ ಬೆಳೆಯುವ ಮರಿಗಳಿಗೆ ಮತ್ತು ಗಬ್ಬದ ಬೆಕ್ಕುಗಳಿಗೆ ಅದು ತಕ್ಕುದಲ್ಲ. ಹಾಗೆಯೇ ಮೂತ್ರವನ್ನು ಆಮ್ಲೀಯಗೊಳಿಸುವ, ಹರಳಿನ ತೊಂದರೆಗೆಂದು ತಯಾರಿಸಿದ ಆಹಾರವು ಮೂತ್ರಪಿಂಡ ಕೆಟ್ಟ ಬೆಕ್ಕಿಗೆ ಹಾನಿ ಮಾಡಬಲ್ಲದು. ಎಲ್ಲಾ ಬೆಕ್ಕುಗಳೂ ತಿನ್ನಬಹುದಾದ ಒಂದೇ ಆಹಾರ ಸಾಧ್ಯವೇ ಎಂಬುದನ್ನು ಪಶುವೈದ್ಯರೊಡನೆ ಚರ್ಚಿಸಿಯೇ ನಿರ್ಧರಿಸಬೇಕು.

ಹೊಸ ಆಹಾರವನ್ನು ಹಳೆಯದರೊಂದಿಗೆ ಬೆರೆಸುತ್ತಾ 7ರಿಂದ 10 ದಿನಗಳಲ್ಲಿ ಬದಲಿಸಬೇಕು. ಹಸಿದರೆ ತಾನೇ ತಿನ್ನುತ್ತದೆ ಎಂಬ ಲೆಕ್ಕಾಚಾರ ಬೆಕ್ಕಿನ ವಿಷಯದಲ್ಲಿ ಅಪಾಯಕಾರಿ. ಎರಡು ಮೂರು ದಿನ ಉಪವಾಸವಿದ್ದ ಬೆಕ್ಕಿನ, ಅದರಲ್ಲೂ ಸ್ಥೂಲಕಾಯದ ಬೆಕ್ಕಿನ, ಯಕೃತ್ತಿನಲ್ಲಿ ಕೊಬ್ಬು ತುಂಬಿ ಪ್ರಾಣಕ್ಕೇ ಕುತ್ತು ಬರಬಹುದು. ಪಥ್ಯವನ್ನು ಪೂರ್ಣವಾಗಿ ನಿರಾಕರಿಸುವ ಬೆಕ್ಕಿಗೆ ಹಳೆಯ ಆಹಾರವನ್ನು ಕೊಟ್ಟು ವೈದ್ಯರಿಗೆ ತಿಳಿಸುವುದು ಲೇಸು.

ನಮ್ಮ ಮನೆಗಳಲ್ಲಿ ರೂಢಿಯಲ್ಲಿರುವ ಹಾಲನ್ನ, ಮೊಸರನ್ನ ಬೆಕ್ಕಿಗೆ ಪಥ್ಯವೂ ಅಲ್ಲ, ಪೂರ್ಣಾಹಾರವೂ ಅಲ್ಲ. ಮಾಂಸ, ಮೀನುಗಳಲ್ಲಿರುವ ಟಾರಿನ್ ಎಂಬ ಅಂಶದ ಕೊರತೆಯಿಂದ ಬೆಕ್ಕಿನ ದೃಷ್ಟಿ ಹಾಗೂ ಹೃದಯಕ್ಕೆ ಹಾನಿಯಾಗುತ್ತದೆ. ಈರುಳ್ಳಿ, ಬೆಳ್ಳುಳ್ಳಿ ಹಾಕಿದ ಸಾರು ವಿಷಕ್ಕೆ ಸಮಾನ.

ಔಷಧ ನೀಡುವ ಕ್ರಮ

ಆಹಾರದಲ್ಲಿ ಬೆರೆಸುವುದಕ್ಕಿಂತ ಬಾಯಿಗೆ ನೇರವಾಗಿ ಕೊಟ್ಟ ಮಾತ್ರೆಯೇ ಖಚಿತ. ಮಾತ್ರೆ ನುಂಗಿಸಿದ ನಂತರ ಸುಮಾರು 5 ಮಿ.ಲೀ. ನೀರನ್ನು ಸೂಜಿಯಿಲ್ಲದ ಸಿರಿಂಜಿನಿಂದ ಬಾಯಿಯ ಪಕ್ಕದಲ್ಲಿ ನಿಧಾನವಾಗಿ ಕುಡಿಸಬೇಕು. ಡಾಕ್ಸಿಸೈಕ್ಲಿನ್‌ನಂತಹ ಮಾತ್ರೆ ಗಂಟಲಲ್ಲೇ ಅಂಟಿಕೊಂಡರೆ ಅನ್ನನಾಳ ಹುಣ್ಣಾಗಿ ಕಿರಿದಾಗುವ ಸಂಭವವಿದೆ. ಉಗುಳಿದ ಮಾತ್ರೆ ಮಂಚದ ಕೆಳಗೆ ಬಿದ್ದಿದೆಯೇ ಎಂದು ನೋಡಿದ ಬಳಿಕವೇ ಉಳಿದ ಬೆಕ್ಕುಗಳನ್ನು ಒಳಗೆ ಬಿಡುವುದು ಒಳಿತು.

ಮಧುಮೇಹದ ಬೆಕ್ಕಿಗೆ ಇನ್ಸುಲಿನ್ ನೀಡುವ ಮನೆಗಳಲ್ಲಿ ಹೆಚ್ಚಿನ ಎಚ್ಚರಿಕೆ ಅಗತ್ಯ. ಭಾರತದಲ್ಲಿ ಪ್ರತಿ ಮಿ.ಲೀ.ಗೆ 40 ಹಾಗೂ 100 ಯೂನಿಟ್‌ಗಳ ಎರಡೂ ಬಗೆಯ ಸೀಸೆಗಳು ದೊರೆಯುತ್ತವೆ. 100 ಯೂನಿಟ್‌ನ ಇನ್ಸುಲಿನ್ನನ್ನು 40ರ ಸಿರಿಂಜಿನಲ್ಲಿ ಅಳೆದರೆ ಎರಡೂವರೆ ಪಟ್ಟು ಔಷಧ ದೇಹ ಸೇರುತ್ತದೆ. ಸೀಸೆ ಮತ್ತು ಸಿರಿಂಜಿನ ಸಂಖ್ಯೆಗಳು ಒಂದೇ ಆಗಿರುವುದನ್ನು ಪ್ರತಿ ಸಲವೂ ನೋಡಿಕೊಳ್ಳಬೇಕು. ಬೆಳಿಗ್ಗೆ ಯಜಮಾನರು ಕೊಟ್ಟ ಚುಚ್ಚುಮದ್ದನ್ನು ತಿಳಿಯದೆ ಮನೆಯವರು ಮತ್ತೊಮ್ಮೆ ಕೊಡುವುದುಂಟು; ಆದಕಾರಣ ಗೋಡೆಯ ಕ್ಯಾಲೆಂಡರಿನಲ್ಲಿ ಬೆಕ್ಕಿನ ಹೆಸರು, ವೇಳೆ, ಕೊಟ್ಟವರ ಸಹಿ ಇರತಕ್ಕದ್ದು. ಕೊಟ್ಟಿದೆಯೋ ಇಲ್ಲವೋ ಎಂಬ ಸಂಶಯವಿದ್ದಲ್ಲಿ ಮತ್ತೆ ಕೊಡಬಾರದು. ಬೆಕ್ಕು ತೂರಾಡಿದರೆ ಅಥವಾ ನಿತ್ರಾಣಗೊಂಡರೆ ವಸಡಿಗೆ ಜೇನುತುಪ್ಪ ಇಲ್ಲವೇ ಸಕ್ಕರೆ ಪಾಕ ಸವರಿ ತಕ್ಷಣ ಆಸ್ಪತ್ರೆಗೆ ಕರೆತರಬೇಕು.

ಮನುಷ್ಯರ ಜ್ವರದ ಮಾತ್ರೆ ಪ್ಯಾರಾಸಿಟಮಾಲ್ ಬೆಕ್ಕಿಗೆ ಮಾರಕ. ಅದರಲ್ಲಿ ಸುರಕ್ಷಿತ ಪ್ರಮಾಣವೆಂಬುದೇ ಇಲ್ಲ. ನಾಯಿಗಳ ಉಣ್ಣೆ ನಿವಾರಣೆಗೆ ಬೆನ್ನಿಗೆ ಹಾಕುವ ಪರ್ಮೆತ್ರಿನ್ ಔಷಧವೂ ಹಾಗೆಯೇ. ಮನೆಯಲ್ಲಿ ನಾಯಿಗೆ ಅದನ್ನು ಹಾಕಿದ್ದರೆ, ಬೆಕ್ಕುಗಳು ಅದನ್ನು ನೆಕ್ಕದಂತೆ, ಒರಗಿ ಮಲಗದಂತೆ ಪ್ರತ್ಯೇಕಿಸಬೇಕು.

ಆಸ್ಪತ್ರೆಗೆ ಬರುವಾಗ

ಪ್ರತಿ ಬೆಕ್ಕಿಗೂ ಪ್ರತ್ಯೇಕ ಚೀಟಿ ಇರಲಿ. ಹಿಂದಿನ ಔಷಧ ಚೀಟಿ, ಈಗ ನೀಡುತ್ತಿರುವ ಆಹಾರದ ಪೊಟ್ಟಣ ಮತ್ತು ವಾರವಾರದ ತೂಕದ ವಿವರವನ್ನು ತಂದರೆ ವೈದ್ಯರಿಗೆ ಅನುಕೂಲ. ಬೆಕ್ಕನ್ನು ಎತ್ತಿಕೊಂಡು ತೂಗಿ, ತಮ್ಮ ತೂಕ ಕಳೆದರೆ ಅಂದಾಜು ಸಿಗುತ್ತದೆ. ಮರಿಗಳಿಗೆ ಅಡುಗೆಮನೆಯ ತಕ್ಕಡಿ ಉತ್ತಮ. 4 ಕೆ.ಜಿ. ಬೆಕ್ಕು 400 ಗ್ರಾಂ ಇಳಿಯುವುದೆಂದರೆ 60 ಕೆ.ಜಿ. ಮನುಷ್ಯರು 6 ಕೆ.ಜಿ. ಇಳಿದಂತೆ. ಹಲವು ಬೆಕ್ಕುಗಳ ನಡುವೆ ಇದು ಕಣ್ಣಿಗೆ ಕಾಣುವುದೇ ಇಲ್ಲ.

ಮಲಮೂತ್ರಕ್ಕೆ ಬೆಕ್ಕುಗಳ ಸಂಖ್ಯೆಗಿಂತ ಒಂದು ಹೆಚ್ಚು ಮರಳಿನ ತಟ್ಟೆ ಇಡುವುದು ವಾಡಿಕೆ. ಗಂಡು ಬೆಕ್ಕು ಪದೇ ಪದೇ ತಟ್ಟೆಗೆ ಹೋಗಿ ತಿಣುಕಿದರೂ ಮೂತ್ರ ಬಾರದಿದ್ದಲ್ಲಿ ಮರುದಿನದವರೆಗೆ ಕಾಯದೆ, ಅದೇ ದಿನ ಸಮೀಪದ ಪಶುವೈದ್ಯಕೀಯ ಸಂಸ್ಥೆಗೆ ಕೊಂಡೊಯ್ಯತಕ್ಕದ್ದು.